ಬೆವರಿನ ಸಾಕ್ಷ್ಯ

ದೇಶದ ಯಾವುದಾದರೊಂದು ಮೂಲೆಯಲ್ಲಿ ಘೋರವಾದ ಅಪರಾಧವು ನಡೆದು ಜನರ ಆಕ್ರೋಶವು ಬೀದಿಗೆ ಬಂದಿತೆಂದರೆ, ಕೆಲವೇ ದಿನಗಳಲ್ಲಿ ಒಂದು ಸುದ್ದಿಯು ತಪ್ಪದೆ ನಮ್ಮ ಮೇಜಿಗೆ ಬರುತ್ತದೆ. ಆರೋಪಿಯನ್ನು ಸುಳ್ಳು ಪತ್ತೆ ಯಂತ್ರದ ಪರೀಕ್ಷೆಗೆ ಒಳಪಡಿಸುವರಂತೆ. 2024ರ ಆಗಸ್ಟ್ ತಿಂಗಳಿನಲ್ಲಿ ಕೋಲ್ಕತ್ತೆಯ ಆಸ್ಪತ್ರೆಯೊಂದರಲ್ಲಿ ತರುಣ ವೈದ್ಯೆಯೊಬ್ಬರ ಹತ್ಯೆಯಾದಾಗಲೂ ಹೀಗೆಯೇ ಆಯಿತು. ಮುಖ್ಯ ಆರೋಪಿಯನ್ನಲ್ಲದೆ ಬೇರೆ ಕೆಲವರನ್ನೂ ಆ ಯಂತ್ರದ ಮುಂದೆ ಕೂರಿಸಿದರು. ಯಂತ್ರವು ಏನು ಹೇಳಿತೆಂಬುದು ಹಲವು ದಿನ ದೇಶದ ತುಂಬ ಮಾತಾಯಿತು. ‘ಯಂತ್ರವು ಹೇಳಿತು’ ಎಂಬ ಈ ಪ್ರಯೋಗವನ್ನೇ ನಾವು ಇಂದು ಪರೀಕ್ಷಿಸಬೇಕೆಂದಿದ್ದೇವೆ. ಯಾತಕ್ಕೆಂದರೆ, ಯಂತ್ರವು ಏನನ್ನೂ ಹೇಳಿರುವುದಿಲ್ಲ. ಅದು ಅಳೆದಿರುತ್ತದೆ, ಅಷ್ಟೆ. ಹೇಳಿದವನು ಅದರ ಪಕ್ಕದಲ್ಲಿ ಕುಳಿತಿದ್ದ ಮನುಷ್ಯನು. ನಮ್ಮ ಪತ್ರಿಕೆಯೂ ಇಂತಹ ಸುದ್ದಿಗಳನ್ನು ದಪ್ಪಕ್ಷರದ ತಲೆಬರಹ ಕೊಟ್ಟು ಅಚ್ಚುಮಾಡಿದುದುಂಟು. ಆ ಪಾಪದಲ್ಲಿ ನಮ್ಮ ಪಾಲನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇವೆ.

ಪಾಲಿಗ್ರಾಫ್ ಎಂದು ಕರೆಯಲ್ಪಡುವ ಈ ಯಂತ್ರದಲ್ಲಿ ಗೂಢವಾದುದೇನೂ ಇಲ್ಲ. ಎದೆಗೂ ಹೊಟ್ಟೆಗೂ ಸುತ್ತಿದ ಕೊಳವೆಗಳು ಉಸಿರಾಟದ ಏರಿಳಿತವನ್ನು ಗುರುತಿಸುತ್ತವೆ. ವೈದ್ಯರು ಕಟ್ಟುವಂತಹ ತೋಳಪಟ್ಟಿಯು ರಕ್ತದೊತ್ತಡವನ್ನೂ ನಾಡಿಯನ್ನೂ ಹಿಡಿಯುತ್ತದೆ. ಬೆರಳ ತುದಿಗಳಿಗೆ ಅಂಟಿಸಿದ ಲೋಹದ ಬಿಲ್ಲೆಗಳು ಚರ್ಮದಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆಂಬುದನ್ನು ಅಳೆಯುತ್ತವೆ. ಕೈ ಬೆವರಿದಷ್ಟೂ ವಿದ್ಯುತ್ತಿನ ಹರಿವು ಹೆಚ್ಚು. ಅಂಗೈಯ ಬೆವರುಗ್ರಂಥಿಗಳು ನಮ್ಮ ಇಚ್ಛೆಗೆ ಒಳಪಡದ ನರಮಂಡಲದ ಆಜ್ಞೆಯಲ್ಲಿ ನಡೆಯತಕ್ಕವಾದುದರಿಂದ, ಬಾಯಿ ಸುಳ್ಳು ನುಡಿದರೂ ಬೆರಳು ಸುಳ್ಳು ನುಡಿಯಲಾರದೆಂಬುದು ಈ ವಿದ್ಯೆಯ ಮೂಲನಂಬಿಕೆ. ಅಮೇರಿಕೆಯ ಬರ್ಕ್ಲಿ ನಗರದ ಪೋಲೀಸು ಇಲಾಖೆಯಲ್ಲಿದ್ದ ಜಾನ್ ಲಾರ್ಸನ್ ಎಂಬವನು 1921ರಲ್ಲಿ ಇಂತಹ ಅಳತೆಗಳನ್ನು ಒಂದೇ ಕಾಗದದ ಮೇಲೆ ಗೀಚುವ ಯಂತ್ರವನ್ನು ಕಟ್ಟಿದನು. 1923ರಲ್ಲಿ ರಕ್ತದೊತ್ತಡದಿಂದ ಸುಳ್ಳನ್ನು ಕಂಡುಹಿಡಿಯುವ ಪರೀಕ್ಷೆಯೊಂದನ್ನು ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು ಸಾಕ್ಷ್ಯವಾಗಿ ಸ್ವೀಕರಿಸಲು ನಿರಾಕರಿಸಿತು. ಶಾಸ್ತ್ರಜ್ಞರ ಸಾಮಾನ್ಯ ಸಮ್ಮತಿಯು ಅದಕ್ಕೆ ದೊರೆತಿಲ್ಲವೆಂಬುದೇ ಅಲ್ಲಿ ಕೊಟ್ಟ ಕಾರಣ. ಅಂದಿನಿಂದ ಇಂದಿನವರೆಗೆ ಯಂತ್ರವು ಬಹಳ ಸೂಕ್ಷ್ಮವಾಗಿದೆ, ಅಳತೆಯು ನಿಖರವಾಗಿದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ತಕರಾರು ಇರುವುದು ಅಳತೆಯಾದ ಮೇಲೆ ಇಡುವ ಹೆಜ್ಜೆಯ ವಿಷಯದಲ್ಲಿ.

ಮನಶ್ಶಾಸ್ತ್ರಜ್ಞರು ಯಾವುದೇ ಅಳತೆಯನ್ನು ಕುರಿತು ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಒಂದೇ ವಸ್ತುವನ್ನು ಮತ್ತೆ ಮತ್ತೆ ಅಳೆದರೆ ಒಂದೇ ಉತ್ತರವು ಬರುವುದೋ? ಇದನ್ನು ವಿಶ್ವಸನೀಯತೆಯೆನ್ನುತ್ತಾರೆ. ಏನನ್ನು ಅಳೆಯುತ್ತೇವೆಂದು ಹೇಳಿಕೊಳ್ಳುತ್ತೇವೆಯೋ ಅದನ್ನೇ ಅಳೆಯುತ್ತಿದ್ದೇವೆಯೋ? ಇದು ಸಪ್ರಮಾಣತೆ. ಇವೆರಡರ ಭೇದವು ಪುಸ್ತಕದಲ್ಲಿ ಓದಿದವರಿಗೆ ಕಠಿಣವಾಗಿ ಕಂಡೀತು. ವ್ಯಾಪಾರದಲ್ಲಿ ಪೆಟ್ಟು ತಿಂದವರಿಗೆ ಸುಲಭ. ನಮ್ಮ ಮುದ್ರಣಾಲಯಕ್ಕೆ ಕಾಗದದ ಉರುಳೆಗಳನ್ನು ಒದಗಿಸುತ್ತಿದ್ದ ವರ್ತಕರೊಬ್ಬರ ತಕ್ಕಡಿಯು ಪ್ರತಿಸಲವೂ ಒಂದೇ ತೂಕವನ್ನು ತೋರಿಸುತ್ತಿತ್ತು. ಬೆಳಗ್ಗೆ ಇಟ್ಟರೂ ಅಷ್ಟೆ, ಸಂಜೆ ಇಟ್ಟರೂ ಅಷ್ಟೆ. ಅದರ ಸ್ಥಿರತೆಯನ್ನು ಕಂಡು ನಾವು ವರ್ಷಗಟ್ಟಲೆ ನೆಮ್ಮದಿಯಾಗಿದ್ದೆವು. ಒಮ್ಮೆ ಅನುಮಾನ ಬಂದು ಬೇರೆಡೆಯಲ್ಲಿ ತೂಗಿಸಿದಾಗ, ಅದು ಉರುಳೆಗೆ ಐದು ಕಿಲೋ ಹೆಚ್ಚು ತೋರಿಸುವ ತಕ್ಕಡಿಯೆಂದು ತಿಳಿದುಬಂತು. ಅದು ಬಲು ಸ್ಥಿರವಾಗಿ ಸುಳ್ಳು ಹೇಳುತ್ತಿತ್ತು. ಆದರೂ ಆ ತಕ್ಕಡಿಯ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಅದು ತಪ್ಪಾಗಿಯಾದರೂ ತೂಕವನ್ನೇ ತೂಗುತ್ತಿತ್ತು. ಉರುಳೆಯನ್ನು ತೂಗಿ, ಅದರ ಮೇಲೆ ಮುಂದೆ ಅಚ್ಚಾಗಲಿರುವ ಸುದ್ದಿಯು ನಿಜವೋ ಸುಳ್ಳೋ ಎಂದು ಅದು ತೀರ್ಪು ಕೊಟ್ಟಿರಲಿಲ್ಲ. ಬೆವರನ್ನು ಅಳೆದು ಸತ್ಯವನ್ನು ಅಳೆದೆವೆನ್ನುವವರು ಮಾಡುತ್ತಿರುವುದು ಹೆಚ್ಚುಕಡಿಮೆ ಅಂತಹ ಕೆಲಸ.

ವಿಶ್ವಸನೀಯತೆಯಾದರೂ ಪೂರ್ಣವಾಗಿದೆಯೇ ಎಂದರೆ ಅದೂ ಇಲ್ಲ. ಕೋಣೆಯ ಸೆಕೆ, ಕುಡಿದ ಕಾಫಿ, ನಿದ್ರೆಗೆಟ್ಟ ರಾತ್ರಿ, ಸೇವಿಸುತ್ತಿರುವ ಔಷಧ, ಒಂದು ಕೆಮ್ಮು, ಒಂದು ದೀರ್ಘವಾದ ಉಸಿರು, ಇವೆಲ್ಲವೂ ಗೆರೆಯನ್ನು ಅಲುಗಿಸುತ್ತವೆ. ಕೆಲವರ ಅಂಗೈ ಎಂತಹ ಪ್ರಶ್ನೆಗೂ ಬೆವರುವುದೇ ಇಲ್ಲ. ಕೆಲವರದು ಹೆಸರು ಕೇಳಿದರೂ ಬೆವರುತ್ತದೆ. ವೈದ್ಯರ ಕೋಣೆಯಲ್ಲಿ ಏರುವ ರಕ್ತದೊತ್ತಡವು ಮನೆಗೆ ಬಂದೊಡನೆ ಇಳಿಯುವುದು ನಮ್ಮ ವಯಸ್ಸಿನವರಿಗೆಲ್ಲ ಪರಿಚಿತವಾದ ಸಂಗತಿ. ನಾವು ವೈದ್ಯರಿಗೆ ಯಾವ ಸುಳ್ಳನ್ನೂ ಹೇಳಿರುವುದಿಲ್ಲ, ಉಪ್ಪಿನಕಾಯಿಯ ವಿಷಯವೊಂದನ್ನು ಬಿಟ್ಟರೆ. ಬಿಳಿಯ ಅಂಗಿಯನ್ನು ಕಂಡು ಇಷ್ಟು ಏರುವ ಒತ್ತಡವು ಖಾಕಿಯ ಅಂಗಿಯನ್ನು ಕಂಡು ಎಷ್ಟು ಏರೀತೆಂಬುದನ್ನು ವಾಚಕರೇ ಊಹಿಸಬಹುದು.

ಅಳತೆಯ ಈ ಅಸ್ಥಿರತೆಯನ್ನು ಲೆಕ್ಕಹಾಕುವ ಕ್ರಮವನ್ನು ಮನಶ್ಶಾಸ್ತ್ರಕ್ಕೆ ತೋರಿಸಿಕೊಟ್ಟವರಲ್ಲಿ ಮೊದಲಿಗನು ಇಂಗ್ಲೆಂಡಿನ ಚಾರ್ಲ್ಸ್ ಸ್ಪಿಯರ್ಮನ್. ಅದು 1904ರ ಮಾತು. ಆತನ ಬಳಿ ಲಂಡನ್ನಿನಲ್ಲಿ ಕಲಿತು ಬಂದ ಎಂ. ವಿ. ಗೋಪಾಲಸ್ವಾಮಿಯವರೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿ ಬೆಳೆಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿಯನ್ನು ಆರಂಭಿಸಿದ ಮಹನೀಯರೆಂದು ಅವರನ್ನು ಕನ್ನಡಿಗರು ನೆನೆಯುತ್ತಾರೆ. ಅವರು ಅಳತೆಯ ಶಾಸ್ತ್ರದ ಮನುಷ್ಯರೆಂಬುದು ಬಹುಮಂದಿಗೆ ಮರೆತಿದೆ. ಇದನ್ನೇಕೆ ಹೇಳುತ್ತೇವೆಂದರೆ, ಅಳತೆಯನ್ನು ಸಂಶಯದಿಂದ ನೋಡುವ ವಿದ್ಯೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ನಮ್ಮ ಪ್ರಯೋಗಶಾಲೆಗಳಿಗೆ ಅದು ತಿಳಿಯದೆಂಬ ನೆವವು ನಡೆಯಲಾರದು.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಸುಳ್ಳಿಗೆಂದೇ ಮೀಸಲಾದ ಬೆವರು ಯಾವುದೂ ದೇಹದಲ್ಲಿಲ್ಲ. ಭಯ, ಕೋಪ, ಉದ್ರೇಕ ಮೊದಲಾದ ಬೇರೆ ಬೇರೆ ಭಾವಗಳಲ್ಲಿ ಒಳಗಿನ ಅವಯವಗಳ ವಿಕಾರವು ಬಹುಮಟ್ಟಿಗೆ ಒಂದೇ ಆಗಿರುತ್ತದೆಂಬುದನ್ನು ಅಮೇರಿಕೆಯ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1927ರಲ್ಲಿಯೇ ಎತ್ತಿ ತೋರಿಸಿದನು. ನಾಡಿಯು ಓಡುತ್ತಿದೆಯೆಂದಾದರೆ ಮನಸ್ಸು ಕಲಕಿದೆಯೆಂದು ಹೇಳಬಹುದು. ಏತಕ್ಕೆ ಕಲಕಿದೆಯೆಂದು ನಾಡಿಯು ತಿಳಿಸುವುದಿಲ್ಲ. ಕದ್ದವನು ಸಿಕ್ಕಿಬೀಳುವೆನೆಂದು ಬೆವರುತ್ತಾನೆ. ಕದಿಯದವನು ತನ್ನ ಮಾತನ್ನು ನಂಬುವರೋ ಇಲ್ಲವೋ ಎಂದು ಬೆವರುತ್ತಾನೆ.

ಪಾಠಶಾಲೆಯಲ್ಲಿ ತರ್ಕವನ್ನು ಓದಿದ ಹುಡುಗನಿಗೂ ಈ ತಪ್ಪಿನ ಹೆಸರು ಗೊತ್ತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂದರೆ ತಪ್ಪು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಹಸಿಯ ಸೌದೆಯೂ ಬೇಕು. ಈ ಹಸಿಯ ಸೌದೆಯನ್ನೇ ನೈಯಾಯಿಕರು ಉಪಾಧಿಯೆಂದು ಕರೆದರು. ಸುಳ್ಳು ಹೇಳಿದವನು ಕೆಲವೊಮ್ಮೆ ಬೆವರುತ್ತಾನೆಂಬುದನ್ನು ತಿರುಗಿಸಿ, ಬೆವರಿದವನು ಸುಳ್ಳು ಹೇಳಿದನೆಂದು ಅನುಮಾನ ಮಾಡುವವರು, ನಡುವೆ ಇರುವ ಹಸಿಯ ಸೌದೆಯನ್ನು ಕಾಣದೆ ಹೋಗುತ್ತಾರೆ. ಭಯವೇ ಆ ಸೌದೆ. ಭಯವಾದರೋ ಅಪರಾಧಿಗಿಂತಲೂ ನಿರಪರಾಧಿಗೆ ಹೆಚ್ಚಾಗಿದ್ದರೂ ಇರಬಹುದು.

ಪರೀಕ್ಷಕರು ಇದನ್ನು ಅರಿಯದವರಲ್ಲ. ಅದಕ್ಕಾಗಿ ಅವರು ಒಂದು ಉಪಾಯವನ್ನು ಹೂಡುತ್ತಾರೆ. ಪ್ರಕರಣಕ್ಕೆ ಸಂಬಂಧಿಸಿದ ಪ್ರಶ್ನೆಗಳ ನಡುನಡುವೆ, ‘ಜೀವಮಾನದಲ್ಲಿ ಯಾರಿಗಾದರೂ ಮೋಸಮಾಡಿದ್ದೀರಾ’ ಎಂಬಂತಹ ಸಾಮಾನ್ಯವಾದ ಪ್ರಶ್ನೆಗಳನ್ನು ಕೇಳುತ್ತಾರೆ. ಇದಕ್ಕೆ ಬಹುಮಂದಿ ಇಲ್ಲವೆಂದು ಹೇಳಿ ಒಳಗೊಳಗೇ ಅಳುಕುತ್ತಾರೆ. ನಿರಪರಾಧಿಯಾದವನು ಈ ಪ್ರಶ್ನೆಗೆ ಹೆಚ್ಚು ಬೆವರುವನು, ಅಪರಾಧಿಯು ಪ್ರಕರಣದ ಪ್ರಶ್ನೆಗೆ ಹೆಚ್ಚು ಬೆವರುವನು ಎಂಬುದು ಅವರ ಲೆಕ್ಕ. ಕೊಲೆಯ ಆಪಾದನೆಯನ್ನು ಹೊತ್ತು ಠಾಣೆಯಲ್ಲಿ ಕುಳಿತ ಬಡವನೊಬ್ಬನು, ‘ನೀನು ಕೊಂದೆಯಾ’ ಎಂದು ಕೇಳಿದಾಗ ಅಲುಗಾಡದೆ, ಬಾಲ್ಯದಲ್ಲಿ ಅಂಗಡಿಯಿಂದ ಬೆಲ್ಲ ಕದ್ದುದನ್ನು ಕೇಳಿದಾಗ ನಡುಗಬೇಕಂತೆ! ಇಂತಹ ನಿರೀಕ್ಷೆಯನ್ನು ಶಾಸ್ತ್ರವೆಂದು ಕರೆಯಲು ನಮ್ಮ ಲೇಖನಿಯು ಹಿಂಜರಿಯುತ್ತದೆ.

ಅಮೇರಿಕೆಯ ರಾಷ್ಟ್ರೀಯ ಸಂಶೋಧನಾ ಮಂಡಲಿಯು 2003ರಲ್ಲಿ ಈ ವಿಷಯವಾಗಿ ಒಂದು ವರದಿಯನ್ನು ಪ್ರಕಟಿಸಿತು. ಅದುವರೆಗೆ ನಡೆದ ಅಧ್ಯಯನಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ 57ನ್ನು ಪರಿಶೀಲಿಸಿದ ಪಂಡಿತರು, ಗೊತ್ತಾದ ಒಂದು ಘಟನೆಯ ಬಗ್ಗೆ ಕೇಳುವಾಗ ಯಂತ್ರದ ಫಲವು ಕುರುಡು ಊಹೆಗಿಂತ ಎಷ್ಟೋ ಮೇಲು, ಆದರೆ ದೋಷರಹಿತತೆಗೆ ಬಹುದೂರವೆಂದು ಅಭಿಪ್ರಾಯಪಟ್ಟರು. ಅವರು ಕೊಟ್ಟ ಒಂದು ಲೆಕ್ಕವನ್ನು ನಮ್ಮ ವಾಚಕರು ಸಾವಕಾಶವಾಗಿ ಓದಬೇಕು. ಒಂದು ಇಲಾಖೆಯಲ್ಲಿ 10,000 ನೌಕರರಿದ್ದಾರೆ, ಅವರಲ್ಲಿ 10 ಮಂದಿ ಗೂಢಚಾರರು ಎಂದಿಟ್ಟುಕೊಳ್ಳೋಣ. ಯಂತ್ರಕ್ಕೆ ಇರುವುದಕ್ಕಿಂತ ಹೆಚ್ಚಿನ ನಿಖರತೆಯುಂಟೆಂದು ಉದಾರವಾಗಿ ಒಪ್ಪಿಕೊಳ್ಳೋಣ. 10 ಗೂಢಚಾರರಲ್ಲಿ 8 ಮಂದಿಯನ್ನಾದರೂ ಹಿಡಿಯುವಂತೆ ಅದನ್ನು ಬಿಗಿಮಾಡಿದರೆ, ಅವರೊಡನೆ ಸುಮಾರು 1,600 ಮಂದಿ ನಿರ್ದೋಷಿಗಳೂ ಬಲೆಗೆ ಬೀಳುತ್ತಾರೆ. ಇಷ್ಟು ಮಂದಿಗೆ ಕಳಂಕ ಬೇಡವೆಂದು ಅದನ್ನು ಸಡಿಲಿಸಿ, ಬಲೆಗೆ ಬೀಳುವವರು ಸುಮಾರು 40 ಮಂದಿಯೇ ಆಗುವಂತೆ ಮಾಡಿದರೆ, 10ರಲ್ಲಿ 8 ಮಂದಿ ಗೂಢಚಾರರು ನಗುನಗುತ್ತ ಮನೆಗೆ ಹೋಗುತ್ತಾರೆ. ಇದು ಯಂತ್ರವನ್ನು ತಿದ್ದಿದರೆ ಹೋಗುವ ದೋಷವಲ್ಲ. ಹುಡುಕುವ ವಸ್ತುವು ವಿರಳವಾಗಿದ್ದು ಅಳತೆಯು ಸಡಿಲವಾಗಿದ್ದರೆ ಇದು ಕಟ್ಟಿಟ್ಟದ್ದು. ಅಮೇರಿಕೆಯ ಗುಪ್ತಚರ ಇಲಾಖೆಯ ಆಲ್ಡ್ರಿಚ್ ಏಮ್ಸ್ ಎಂಬ ಅಧಿಕಾರಿಯು ತನ್ನ ದೇಶದ ರಹಸ್ಯಗಳನ್ನು ರಷ್ಯಕ್ಕೆ ಮಾರುತ್ತಿದ್ದಾಗಲೇ 1986ರಲ್ಲಿ ಒಮ್ಮೆ, 1991ರಲ್ಲಿ ಮತ್ತೊಮ್ಮೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಅವನು ಸೆರೆಯಾದುದು 1994ರಲ್ಲಿ. ಖಾಸಗಿಯ ಧಣಿಗಳು ಬಹುಪಾಲು ನೌಕರರ ಮೇಲೆ ಇದನ್ನು ಪ್ರಯೋಗಿಸಬಾರದೆಂದು ಆ ದೇಶವು 1988ರಲ್ಲಿಯೇ ಕಾನೂನು ಮಾಡಿತ್ತು.

ಹೊರದೇಶದ ಪಂಡಿತರು 2003ರಲ್ಲಿ ಹೇಳಿದುದರ ತಿರುಳನ್ನು ನಮ್ಮ ಕರ್ನಾಟಕದ ಪಂಡಿತನೊಬ್ಬನು ಒಂಬತ್ತು ನೂರು ವರ್ಷಗಳ ಹಿಂದೆ ಹೇಳಿದ್ದಾನೆಂಬುದನ್ನು ಇಲ್ಲಿ ಸ್ಮರಿಸಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ನ್ಯಾಯಸಭೆಯಲ್ಲಿ ಕಪಟಿಯಾದವನನ್ನು ಗುರುತಿಸುವ ದೇಹಲಕ್ಷಣಗಳನ್ನು ಮೂಲಸ್ಮೃತಿಯು ಪಟ್ಟಿಮಾಡುತ್ತದೆ. ಅವನು ನಿಂತಲ್ಲಿ ನಿಲ್ಲನು, ಕಟವಾಯಿಯನ್ನು ನೆಕ್ಕಿಕೊಳ್ಳುವನು, ಅವನ ಹಣೆಯು ಬೆವರುವುದು, ಮುಖವು ಬಣ್ಣಗೆಡುವುದು, ಮಾತು ಒಣಗಿ ತೊಡರುವುದು. ಪಾಲಿಗ್ರಾಫ್ ಅಳೆಯುವುದರ ಬಹುಭಾಗವು ಇಲ್ಲಿಯೇ ಇದೆಯಲ್ಲವೇ? ಆದರೆ ವಿಜ್ಞಾನೇಶ್ವರನು ಅಲ್ಲಿಗೆ ನಿಲ್ಲಲಿಲ್ಲ. ಈ ಲಕ್ಷಣಗಳಿಂದ ದೋಷವಿದ್ದೀತೆಂಬ ಸಂಭಾವನೆ ಮಾತ್ರ ಹುಟ್ಟುತ್ತದೆ, ನಿಶ್ಚಯವು ಹುಟ್ಟುವುದಿಲ್ಲವೆಂದು ಅವನು ವಿವರಿಸುತ್ತಾನೆ. ಒಬ್ಬನ ದೇಹದ ಸ್ವಾಭಾವಿಕವಾದ ವಿಕಾರ ಯಾವುದು, ನಿಮಿತ್ತದಿಂದ ಬಂದ ವಿಕಾರ ಯಾವುದು ಎಂಬುದನ್ನು ಬೇರ್ಪಡಿಸಿ ತಿಳಿಯುವುದು ದುಸ್ಸಾಧ್ಯವೆಂಬುದು ಅವನು ಕೊಡುವ ಕಾರಣ. ಒಬ್ಬ ನಿಪುಣನು ಅದನ್ನು ತಿಳಿದನೆಂದೇ ಇಟ್ಟುಕೊಂಡರೂ, ಅಷ್ಟರಿಂದಲೇ ವಾದಿಯನ್ನು ಸೋತವನೆಂದು ತೀರ್ಮಾನಿಸಲಾಗದು. ಮರಣದ ಚಿಹ್ನೆಗಳು ತೋರಿದುವೆಂದು ಬದುಕಿರುವವನಿಗೆ ಯಾರೂ ಉತ್ತರಕ್ರಿಯೆಯನ್ನು ನಡೆಸುವುದಿಲ್ಲವೆಂಬ ಅರ್ಥದ ಮಾತನ್ನೂ ಅವನು ಸೇರಿಸುತ್ತಾನೆ.

ನಮ್ಮ ಹಿರಿಯರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಎದೆಯುಬ್ಬಿಸುವುದಕ್ಕಾಗಿ ನಾವು ಇದನ್ನು ಬರೆಯಲಿಲ್ಲ. ಅದೇ ಗ್ರಂಥದಲ್ಲಿ ದಿವ್ಯಗಳ ಪ್ರಕರಣವೂ ಇದೆ. ಕಳವಿನ ಆಪಾದನೆ ಬಂದವನಿಗೆ ಅಕ್ಕಿಯನ್ನು ಅಗಿಯಲು ಕೊಟ್ಟು, ಉಗುಳಿದುದರಲ್ಲಿ ರಕ್ತವು ಕಂಡರೆ, ಬಾಯಿ ಒಣಗಿದರೆ, ಮೈ ನಡುಗಿದರೆ ಅವನೇ ಕಳ್ಳನೆನ್ನುವ ತಂಡುಲದಿವ್ಯವು ಅದರಲ್ಲೊಂದು. ಭಯದಿಂದ ಬಾಯಿ ಒಣಗುವುದೂ ಅಂಗೈ ಬೆವರುವುದೂ ಒಂದೇ ನರಮಂಡಲದ ಆಟ. ಆಗ ಅಕ್ಕಿ, ಈಗ ವಿದ್ಯುತ್ತು. ವಿಜ್ಞಾನೇಶ್ವರನ ಎಚ್ಚರಿಕೆಯನ್ನು ಬಿಟ್ಟು ಅಕ್ಕಿಯನ್ನು ಮಾತ್ರ ಉಳಿಸಿಕೊಂಡವರಂತೆ ನಾವು ವರ್ತಿಸುತ್ತಿದ್ದೇವೆ.

ಬೆವರನ್ನು ನಂಬದಿದ್ದರೆ ಮಿದುಳನ್ನಾದರೂ ನಂಬಿರೆಂದು ಹೇಳುವವರು ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಮುಕುಂದನ್ ಅವರು ರೂಪಿಸಿದ ಒಂದು ಪದ್ಧತಿಯಲ್ಲಿ, ತಲೆಯ ಮೇಲೆ ವಿದ್ಯುತ್ ಬಿಲ್ಲೆಗಳ ಟೊಪ್ಪಿಗೆಯನ್ನು ತೊಡಿಸಿ, ಕಣ್ಣು ಮುಚ್ಚಿ ಮೌನವಾಗಿ ಕುಳಿತ ಆರೋಪಿಗೆ ‘ನಾನು ಪಾಷಾಣವನ್ನು ಕೊಂಡೆನು’ ಎಂಬ ರೀತಿಯ ವಾಕ್ಯಗಳನ್ನು ಕೇಳಿಸುತ್ತಾರೆ. ಮಿದುಳಿನ ಅಲೆಗಳು ಎದ್ದ ಬಗೆಯನ್ನು ನೋಡಿ, ಇವನು ಅದನ್ನು ಸ್ವತಃ ಅನುಭವಿಸಿದವನೋ ಅಥವಾ ಕೇಳಿ ತಿಳಿದವನೋ ಎಂಬುದನ್ನು ನಿರ್ಣಯಿಸುತ್ತಾರಂತೆ. 2008ರ ಜೂನ್ ತಿಂಗಳಿನಲ್ಲಿ ಪುಣೆಯ ಸೆಷನ್ಸ್ ನ್ಯಾಯಾಲಯವೊಂದು ಕೊಲೆಯ ಮೊಕದ್ದಮೆಯಲ್ಲಿ ಇತರ ಸಾಕ್ಷ್ಯಗಳ ಜೊತೆಗೆ ಈ ಪರೀಕ್ಷೆಯ ಫಲವನ್ನೂ ಎಣಿಕೆಗೆ ತೆಗೆದುಕೊಂಡು ತರುಣಿಯೊಬ್ಬಳಿಗೆ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಮುಂಬಯಿ ಉಚ್ಚ ನ್ಯಾಯಾಲಯವು ಆ ಬಳಿಕ ಆಕೆಯನ್ನು ಜಾಮೀನಿನ ಮೇಲೆ ಬಿಡುಗಡೆ ಮಾಡಿತು. ಅದೇ ವರ್ಷ, ನಿಮ್ಹಾನ್ಸಿನ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು ಇಂತಹ ಮಿದುಳಿನ ಪರೀಕ್ಷೆಗಳಿಗೆ ಶಾಸ್ತ್ರೀಯವಾದ ಆಧಾರವು ಸಾಲದೆಂದು ತೀರ್ಮಾನಿಸಿತು. ಒಂದೇ ಸಂಸ್ಥೆಯಲ್ಲಿ ದುಡಿದವರೊಬ್ಬರು ಕಟ್ಟಿದುದನ್ನು ಅದೇ ಸಂಸ್ಥೆಯ ಮುಖ್ಯಸ್ಥರು ಒರೆಗೆ ಹಚ್ಚಿ ಸಾಲದೆಂದುದು ಆ ಸಂಸ್ಥೆಗೆ ಗೌರವವನ್ನೇ ತರತಕ್ಕ ಸಂಗತಿಯೆಂದು ನಾವು ಭಾವಿಸುತ್ತೇವೆ. ಶಾಸ್ತ್ರವು ಬೆಳೆಯುವುದು ಹೀಗೆಯೇ. ಶೋಚನೀಯವಾದುದೆಂದರೆ, ಶಾಸ್ತ್ರವು ಇನ್ನೂ ಚರ್ಚಿಸುತ್ತಿರುವಾಗಲೇ ಸೆರೆಮನೆಯ ಬಾಗಿಲು ಮುಚ್ಚಿಬಿಟ್ಟಿತ್ತು.

ಮಿದುಳಿನ ಚಿತ್ರಗಳನ್ನು ತೆಗೆಯುವ ದೊಡ್ಡ ಯಂತ್ರಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ. 2009ರಲ್ಲಿ ಅಮೇರಿಕೆಯ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಅಂತಹ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ ಇವರ ಭಾವವೇನೆಂದು ಕೇಳಿದರು. ಲೆಕ್ಕದಲ್ಲಿ ಮಾಡಲೇಬೇಕಾದ ಒಂದು ತಿದ್ದುಪಡಿಯನ್ನು ಮಾಡದೆ ಬಿಟ್ಟಾಗ ಮೀನಿನ ಮಿದುಳಿನಲ್ಲಿ ಚಟುವಟಿಕೆಯು ಕಂಡುಬಂತು! ಗಣಿತವನ್ನು ಮರೆತರೆ ಯಂತ್ರವು ಏನನ್ನಾದರೂ ಕಾಣಿಸೀತೆಂಬುದನ್ನು ತೋರಿಸಿಕೊಡುವುದೇ ಅವರ ಉದ್ದೇಶವಾಗಿತ್ತು. 2020ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಮರ್ಶೆಯು, ಮನುಷ್ಯರಿಗೆ ಒಂದೊಂದು ಕೆಲಸವನ್ನು ಕೊಟ್ಟು ತೆಗೆಯುವ ಇಂತಹ ಅಳತೆಗಳ ವಿಶ್ವಸನೀಯತೆಯು, 1 ಪೂರ್ಣವೆಂದಾದರೆ, ಸರಾಸರಿ 0.4ರಷ್ಟು ಮಾತ್ರವೆಂದು ಕಂಡಿತು. ಗುಂಪಿನ ಸ್ವಭಾವವನ್ನು ಅರಿಯುವುದಕ್ಕೆ ಸಾಲಬಹುದಾದ ಅಳತೆಯು ಒಬ್ಬ ಮನುಷ್ಯನ ಹಣೆಬರಹವನ್ನು ಬರೆಯಲು ಸಾಲದು. ಇದನ್ನು ಹೊರಗೆಡಹಿದವರೂ ಆ ಶಾಸ್ತ್ರದವರೇ ಎಂಬುದನ್ನು ಮರೆಯಬಾರದು.

ನ್ಯಾಯದ ಮಾತಿಗೆ ಬಂದರೆ, ಈ ವಿಷಯದಲ್ಲಿ ಭಾರತದ ದೊಡ್ಡ ತೀರ್ಪು ನಮ್ಮ ರಾಜ್ಯದ ಹೆಸರನ್ನೇ ಹೊತ್ತಿದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯವೆಂಬ ಪ್ರಕರಣದಲ್ಲಿ, 2010ರ ಮೇ 5ರಂದು, ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ಪೀಠವು ಪಾಲಿಗ್ರಾಫ್, ಮಿದುಳಿನ ಪರೀಕ್ಷೆ, ಮಂಪರು ಪರೀಕ್ಷೆ ಈ ಮೂರನ್ನೂ ಯಾರ ಮೇಲೆಯೂ ಬಲಾತ್ಕಾರವಾಗಿ ನಡೆಸಕೂಡದೆಂದು ವಿಧಿಸಿತು. ತನಗೆ ವಿರುದ್ಧವಾಗಿ ಸಾಕ್ಷಿಯಾಗೆಂದು ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂಬ ಸಂವಿಧಾನದ ರಕ್ಷೆಯು ಇಲ್ಲಿಗೂ ಅನ್ವಯಿಸುವುದೆಂದು ಹೇಳಿತು. ಮನಃಪೂರ್ವಕವಾಗಿ ಒಪ್ಪಿ ಕುಳಿತವನ ಪರೀಕ್ಷೆಯ ಫಲವು ಸಹ ತಾನೇ ಸಾಕ್ಷ್ಯವಾಗಲಾರದು. ಅದರಿಂದ ಮುಂದೆ ಪತ್ತೆಯಾದ ವಸ್ತುವೋ ಸಂಗತಿಯೋ ಮಾತ್ರ ಕಾನೂನಿನಂತೆ ಲೆಕ್ಕಕ್ಕೆ ಬರಬಹುದು. ಒಪ್ಪಿಗೆಯನ್ನು ದಂಡಾಧಿಕಾರಿಯ ಮುಂದೆ ಬರೆದುಕೊಳ್ಳಬೇಕು, ವಕೀಲರ ನೆರವಿರಬೇಕೆಂಬ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ 2000ದ ನಿಯಮಗಳನ್ನೂ ಎತ್ತಿಹಿಡಿಯಿತು. ಆದರೂ ಪಾಠವು ಮರೆತುಹೋಗುತ್ತಲೇ ಇದೆ. ಜಾಮೀನಿನ ವಿಚಾರಣೆಯಲ್ಲಿ, ಎಲ್ಲ ಆರೋಪಿಗಳಿಗೂ ಮಂಪರು ಪರೀಕ್ಷೆ ಮಾಡಿಸುವೆವೆಂಬ ಪೋಲೀಸರ ಮಾತನ್ನು ಪಾಟ್ನಾ ಉಚ್ಚ ನ್ಯಾಯಾಲಯವು ಒಪ್ಪಿಕೊಂಡುದನ್ನು ಸರ್ವೋಚ್ಚ ನ್ಯಾಯಾಲಯವು 2025ರ ಜೂನ್ ತಿಂಗಳಿನಲ್ಲಿ ತಳ್ಳಿಹಾಕಬೇಕಾಯಿತು.

ಪೋಲೀಸರ ಪಕ್ಷದ ಒಂದು ವಾದವನ್ನು ನಾವು ಲಘುವಾಗಿ ಕಾಣುವುದಿಲ್ಲ. ಲಾಠಿಯೇಟಿಗಿಂತ ಯಂತ್ರವು ಲೇಸಲ್ಲವೇ ಎಂದು ಅವರು ಕೇಳುತ್ತಾರೆ. ಕೊಲೆಯಾದವಳ ತಾಯಿತಂದೆಯರು ನ್ಯಾಯಕ್ಕಾಗಿ ಕಣ್ಣೀರಿಡುತ್ತಿರುವಾಗ ಸಿಕ್ಕಿದ ಉಪಾಯವನ್ನೆಲ್ಲ ಬಳಸಬಾರದೇ ಎಂದೂ ಕೇಳುತ್ತಾರೆ. ಲಾಠಿಯೇಟು ಮೊದಲೇ ನಿಷಿದ್ಧವಾದುದು. ಒಂದು ನಿಷಿದ್ಧವನ್ನು ಬಿಡುವುದಕ್ಕೆ ಪ್ರತಿಯಾಗಿ ಇನ್ನೊಂದನ್ನು ಕೇಳುವುದು ಚೌಕಾಶಿಯೇ ಹೊರತು ವಾದವಲ್ಲ. ಆ ತಾಯಿತಂದೆಯರಿಗೆ ಬೇಕಾದುದು ಅಪರಾಧಿ, ಬೆವರಿದವನಲ್ಲ. ಯಂತ್ರವು ನಿರ್ದೋಷಿಯತ್ತ ಬೆರಳು ತೋರಿದರೆ ತನಿಖೆಯೂ ಅತ್ತಲೇ ಹೊರಳಿ, ನಿಜವಾದ ಕೊಲೆಗಾರನಿಗೆ ಕಾಲಾವಕಾಶವು ದೊರೆಯುತ್ತದೆ. ಮೇಲಾಗಿ, ಠಾಣೆಯಲ್ಲಿರುವವನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆ? ಒಪ್ಪಿದರೆ ಯಂತ್ರ, ಒಪ್ಪದಿದ್ದರೆ ‘ಪರೀಕ್ಷೆಗೆ ನಿರಾಕರಣೆ’ ಎಂಬ ತಲೆಬರಹ. ಆ ತಲೆಬರಹವನ್ನು ಬರೆಯುವವರು ಪೋಲೀಸರಲ್ಲ, ನಾವು.

ಆದುದರಿಂದ ಸರಕಾರವು ತನ್ನ ಪ್ರಯೋಗಶಾಲೆಗಳಲ್ಲಿ ಇದುವರೆಗೆ ನಡೆಸಿದ ಪರೀಕ್ಷೆಗಳೆಷ್ಟು, ಅವುಗಳ ಫಲವು ಅಂತಿಮ ತೀರ್ಪಿನೊಡನೆ ಎಷ್ಟು ಸಲ ಕೂಡಿತು, ಎಷ್ಟು ಸಲ ತಪ್ಪಿತು, ಒಂದೇ ಗೆರೆಯ ಹಾಳೆಯನ್ನು ಇಬ್ಬರು ಪರೀಕ್ಷಕರು ಪರಸ್ಪರ ಅರಿಯದಂತೆ ಓದಿದಾಗ ಒಂದೇ ಮಾತನ್ನು ಹೇಳಿದರೋ ಇಲ್ಲವೋ ಎಂಬುದನ್ನು ಪ್ರಕಟಿಸಬೇಕು. ತಕ್ಕಡಿಯಿಟ್ಟ ಅಂಗಡಿಯವನಿಗೂ ಸರಕಾರವು ನಿಯತಕಾಲಕ್ಕೆ ತಪಾಸಣೆ ಮಾಡಿ ಮುದ್ರೆಯೊತ್ತುತ್ತದೆ. ಮನುಷ್ಯನ ಮನಸ್ಸನ್ನು ತೂಗುವೆನೆನ್ನುವ ತಕ್ಕಡಿಗೆ ಅಷ್ಟಾದರೂ ಬೇಡವೇ? ನಮ್ಮ ಮಟ್ಟಿಗೆ ಹೇಳುವುದಾದರೆ, ಈ ಯಂತ್ರದ ಫಲವನ್ನು ಇನ್ನು ಮುಂದೆ ತಲೆಬರಹದಲ್ಲಿ ಕೊಡಕೂಡದು, ಪರೀಕ್ಷೆಗೆ ಒಪ್ಪದವನ ಹೆಸರಿನ ಮುಂದೆ ನಿರಾಕರಣೆಯೆಂಬ ಮಾತನ್ನು ಹಚ್ಚಕೂಡದು, ‘ಯಂತ್ರವು ಹೇಳಿತು’ ಎಂದು ಎಲ್ಲಿ ಬಂದರೂ ಅದನ್ನು ತಿದ್ದಿ ‘ಪರೀಕ್ಷಕರು ಅಭಿಪ್ರಾಯಪಟ್ಟರು’ ಎಂದು ಬರೆಯಬೇಕು ಎಂದು ನಮ್ಮ ಉಪಸಂಪಾದಕರಿಗೆ ನಿನ್ನೆಯೇ ಸೂಚನೆಯನ್ನು ಕೊಟ್ಟಿದ್ದೇವೆ.